ಪದ ಪರಿಚಯ: ಫೈಲ್ ಶೇರಿಂಗ್

‘ಫೈಲ್ ಶೇರ್ ಮಾಡಿದೀನಿ, ನೋಡಿ.’ ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು ಇದು. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಜೋಹೊ ಕ್ಲಿಕ್, ಹೀಗೆ ತಂಡದ ಮಾತುಕತೆಯ ಆ್ಯಪ್ ಯಾವುದೇ ಇರಲಿ, ಏನೂ ಇಲ್ಲದಿದ್ದರೆ ವಾಟ್ಸಾಪ್ ಗ್ರೂಪು, ಎಲ್ಲ ಕಡೆಯೂ ಇದೇ ಮಾತು. ಆದರೆ ಇದರೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಕನ್ನಡದಲ್ಲಿ ಆ ವ್ಯತ್ಯಾಸ ಹೇಳುವುದಕ್ಕೆ ಕ್ರಿಯಾಪದಗಳೇ ಇವೆ: ಹಂಚುವುದು ಮತ್ತು ಹಂಚಿಕೊಳ್ಳುವುದು.

ಮಗು ಹುಟ್ಟಿದ ಖುಷಿಗೆ ಪೇಡೆ ಹಂಚುತ್ತೇವೆ. ಒಬ್ಬೊಬ್ಬರ ಕೈಗೂ ಒಂದೊಂದು ಪೇಡೆ. ಕೊಟ್ಟ ಮೇಲೆ ಅದು ಅವರದು. ಹಾಸ್ಟೆಲಿನಲ್ಲಿ ಕೋಣೆ ಹಂಚಿಕೊಳ್ಳುತ್ತೇವೆ. ಕೋಣೆ ಒಂದೇ, ಇರುವವರು ಮೂವರು. ಒಬ್ಬರು ಕಿಟಕಿ ತೆರೆದರೆ ಮೂವರಿಗೂ ಗಾಳಿ.

ಇಮೇಲಿಗೆ ಫೈಲ್ ಅಟ್ಯಾಚ್ ಮಾಡುವುದು, ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕುವುದು ಪೇಡೆ ಹಂಚಿದ ಹಾಗೆ. ಹೋಗುವುದು ಪ್ರತಿ. 1992ರ ಮಾರ್ಚಿನಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ನಥಾನಿಯಲ್ ಬೋರೆನ್‌ಸ್ಟೈನ್ ಅವರು ತಮ್ಮ ಹಾಡುಗಾರರ ತಂಡದ ಫೋಟೊ ಮತ್ತು ಹಾಡನ್ನು ಇಮೇಲಿಗೆ ಲಗತ್ತಿಸಿ ಕಳಿಸಿದಾಗ ಶುರುವಾದ ಕ್ರಮ ಇವತ್ತಿಗೂ ಹಾಗೆಯೇ ನಡೆದಿದೆ. ಜಿಮೇಲಿನಲ್ಲಿ ಲಗತ್ತಿಗೆ 25 ಎಂಬಿ ಮಿತಿ ಇದೆ. ಅದಕ್ಕಿಂತ ದೊಡ್ಡದಾದರೆ ಜಿಮೇಲ್ ತಾನೇ ಫೈಲನ್ನು ಗೂಗಲ್‌ನ ಆನ್‌ಲೈನ್ ಸಂಗ್ರಹವಾದ ಡ್ರೈವ್‌ಗೆ ಹಾಕಿ ಲಿಂಕ್ ಕೊಡುತ್ತದೆ. ಆ ಕ್ಷಣಕ್ಕೆ ಹಂಚುವ ಕೆಲಸ ಹಂಚಿಕೊಳ್ಳುವ ಕೆಲಸವಾಗಿ ಬದಲಾಗುತ್ತದೆ. ಬಹಳಷ್ಟು ಜನ ಅದನ್ನು ಗಮನಿಸುವುದೇ ಇಲ್ಲ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಒಂದು ದರಪಟ್ಟಿಯಿಂದ. ನಾಲ್ಕು ಜನರ ತಂಡ, ಗ್ರೂಪಿನಲ್ಲಿ ಒಂದು ಎಕ್ಸೆಲ್ ಫೈಲು. ನಾನು ಇಳಿಸಿಕೊಂಡು ಸಾಗಣೆ ವೆಚ್ಚ ತಿದ್ದಿದೆ. ಅದೇ ಹೊತ್ತಿಗೆ ಇನ್ನೊಬ್ಬರು ತಮ್ಮ ಪ್ರತಿಯಲ್ಲಿ ಜಿಎಸ್‌ಟಿ ಸರಿಪಡಿಸಿದರು. ಮಧ್ಯಾಹ್ನದ ಹೊತ್ತಿಗೆ ಗ್ರೂಪಿನಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಎಂದು ಮೂರು ಫೈಲು. ಗ್ರಾಹಕರಿಗೆ ಹೋದದ್ದು ನಡುವಿನದು. ಅದರಲ್ಲಿ ಜಿಎಸ್‌ಟಿ ಸರಿಯಿತ್ತು, ಸಾಗಣೆ ವೆಚ್ಚ ಹಳೆಯದು. ಯಾರ ಲೆಕ್ಕವೂ ತಪ್ಪಿರಲಿಲ್ಲ. ಒಂದೇ ಕಾಗದದ ಮೇಲೆ ಬರೆಯುತ್ತಿದ್ದೇವೆ ಎಂದು ನಾಲ್ವರೂ ನಂಬಿದ್ದೆವು, ಅಷ್ಟೇ.

ತಂಡದ ಆ್ಯಪ್‌ಗಳು ಕಟ್ಟಿಕೊಡುವುದು ಆ ಒಂದೇ ಕಾಗದವನ್ನು. ಟೀಮ್ಸ್‌ನ ಚಾನೆಲ್ಲಿಗೆ, ಅಂದರೆ ತಂಡದವರೆಲ್ಲ ಸೇರಿ ಮಾತಾಡುವ ಜಾಗಕ್ಕೆ ಹಾಕಿದ ಫೈಲು ಆ ತಂಡದ ಶೇರ್‌ಪಾಯಿಂಟ್ ಎಂಬ ಸಾಮೂಹಿಕ ಆನ್‌ಲೈನ್ ಸಂಗ್ರಹದಲ್ಲಿ ಕೂರುತ್ತದೆ. ಅಲ್ಲೇ ತೆರೆದು ನಾಲ್ವರೂ ಒಟ್ಟಿಗೆ ತಿದ್ದಬಹುದು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅಲ್ಲೇ ಕಾಣುತ್ತದೆ. ಸ್ಲ್ಯಾಕ್ ಹಂಚುವುದು, ಹಂಚಿಕೊಳ್ಳುವುದು ಇವೆರಡರ ನಡುವೆ ನಿಲ್ಲುತ್ತದೆ. ಒಂದು ಫೈಲು 1 ಜಿಬಿವರೆಗೆ ಇರಬಹುದು. ಅದನ್ನೇ ಎರಡು ಚಾನೆಲ್ಲಿಗೆ ಕಳಿಸಿದರೂ ಮೂಲ ಒಂದೇ, ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತದೆ. ಆದರೆ ಡೌನ್‌ಲೋಡ್ ಮಾಡಿಕೊಂಡು ತಿದ್ದಿದರೆ ಮತ್ತೆ ಪ್ರತಿಯೇ. ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಮಾತುಕತೆಯಾಗಲಿ ಫೈಲಾಗಲಿ ಕಾಣುವುದೂ ಇಲ್ಲ. ಅದನ್ನು ಕಪಾಟು ಎಂದುಕೊಂಡವರಿಗೆ ತೊಂದರೆ ತಪ್ಪಿದ್ದಲ್ಲ.

ಫೈಲಿಗೆ ನಮ್ಮಲ್ಲಿ ಕಡತ ಎಂಬ ಹಳೆಯ ಹೆಸರಿದೆ. ಮೊದಲು ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಧಾರ. ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಲೆಕ್ಕ ಬದಲಾದರೆ ಬದಲಾಗುತ್ತಿದ್ದದ್ದು ಆ ಕಡತವೇ. ಎಲ್ಲರೂ ಒಟ್ಟಿಗೆ ತೆರೆದ ಶೀಟು ಈ ಕಡತಕ್ಕೆ ಹತ್ತಿರದ ನೆಂಟ ಎಂದು ನನಗೆ ಅನ್ನಿಸುತ್ತದೆ, ಅಟ್ಯಾಚ್‌ಮೆಂಟಿಗಿಂತ ಬಹಳ ಹತ್ತಿರ.

ಒಂದೇ ಕೋಣೆ ಎಂದ ಮೇಲೆ ಬೀಗದ ಮಾತು ಬರಲೇಬೇಕು. ಅದಕ್ಕೆ ಆಫೀಸಿನ ಮಾತಿನಲ್ಲಿ ‘ಆಕ್ಸೆಸ್’. ಲಿಂಕ್ ಎನ್ನುವುದು ಬರೀ ವಿಳಾಸ. ವಿಳಾಸ ಗೊತ್ತಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ‘ಲಿಂಕ್ ಓಪನ್ ಆಗ್ತಿಲ್ಲ ಸರ್, ಆಕ್ಸೆಸ್ ಕೊಡಿ’ ಎಂಬ ಮೆಸೇಜು ರಾತ್ರಿ ಹತ್ತಕ್ಕೆ ಬರುವುದು ಇದಕ್ಕೇ. ಲಿಂಕ್ ಅಂಟಿಸುವ ಮೊದಲು ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಆರಿಸಿಬಿಟ್ಟರೆ ಎದುರಿನವರ ಅರ್ಧ ದಿನ ಉಳಿಯುತ್ತದೆ. ಬೇಸತ್ತು ‘ಲಿಂಕ್ ಇರುವ ಯಾರಾದರೂ’ ಎಂದು ತೆರೆದಿಡುವವರೂ ಇದ್ದಾರೆ. ಊಟದ ಮೆನುವಿಗಾದರೆ ಸರಿ, ಸಂಬಳದ ಪಟ್ಟಿಗೆ ಖಂಡಿತ ಬೇಡ. ಸ್ಲ್ಯಾಕ್‌ನ ಸಾರ್ವಜನಿಕ ಚಾನೆಲ್ಲಿನಲ್ಲಿ ಹಾಕಿದ ಫೈಲೂ ಅಷ್ಟೇ: ಅಲ್ಲಿ ಮಾತಾಡುತ್ತಿರುವ ಐದು ಜನರಿಗೆ ಮಾತ್ರವಲ್ಲ, ಕಂಪನಿಯ ಪೂರ್ಣ ಸದಸ್ಯರು ಯಾರು ಹುಡುಕಿದರೂ ಸಿಗುತ್ತದೆ.

ಕೊನೆಗೆ ಕೋಣೆ ಯಾರ ಹೆಸರಿನಲ್ಲಿದೆ ಎಂಬುದು. ಟೀಮ್ಸ್‌ನಲ್ಲಿ ಚಾನೆಲ್ಲಿಗೆ ಹಾಕಿದ್ದು ತಂಡದ ಸ್ವತ್ತು. ಖಾಸಗಿ ಚಾಟ್‌ಗೆ ಹಾಕಿದ್ದು, ಹಾಕಿದವರ ಸ್ವಂತ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿರುತ್ತದೆ. ಅವರು ಕೆಲಸ ಬಿಟ್ಟು ಅವರ ಖಾತೆ ಅಳಿಸಿದರೆ, ಆಡಳಿತದವರು ಬೇರೆ ಅವಧಿ ಗೊತ್ತುಮಾಡದಿದ್ದಲ್ಲಿ 30 ದಿನ ಉಳಿದು ಆಮೇಲೆ ಆ ಡ್ರೈವೂ ಹೋಗುತ್ತದೆ. ನಮ್ಮ ತಂಡದ ಹಿರಿಯರೊಬ್ಬರು ತಮ್ಮ ಕೊನೆಯ ದಿನ, ಸಂಜೆ ಸಿಹಿ ಹಂಚುವ ಮೊದಲು, ತಮ್ಮ ಚಾಟ್ ಫೈಲುಗಳ ಫೋಲ್ಡರ್ ತೆರೆದು ಕೂತರು. ದರಪಟ್ಟಿ, ಕರಾರುಪತ್ರದ ಕರಡು, ಬಂದರಿನ ಸುಂಕದ ಶೀಟು, ಹೀಗೆ ಒಂದೊಂದನ್ನೇ ಚಾನೆಲ್ಲಿಗೆ ಸಾಗಿಸಿದರು. ಸೋಮವಾರ ಅವರ ಜಾಗಕ್ಕೆ ಬಂದ ಹುಡುಗಿ ಯಾರನ್ನೂ ಕೇಳದೆ ಸುಂಕದ ಶೀಟು ತೆರೆದು, ಹಳೆಯ ಸಾಲಿನ ಕೆಳಗೆ ತನ್ನ ಮೊದಲ ಸಾಲು ಬರೆದಳು.