ಮದುವೆಗಾಗಿ ಹೆಸರಿಗೆ ಮಾತ್ರ ಮತ ಬದಲಿಸಬಹುದೆ?

“ನಾವಿಬ್ಬರೂ ಬೇರೆ ಬೇರೆ ಮತದವರು. ಮತ ಬದಲಿಸದೆ ಮದುವೆ ಆಗುವುದಿಲ್ಲವಂತೆ, ಹೆಸರಿಗೆ ಮಾತ್ರ ಬದಲಿಸಿದರೆ ತಪ್ಪೇನು?” ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಆದರೂ “ಆಗುವುದಿಲ್ಲವಂತೆ” ಎಂಬ ಆ ಮಾತು ಅಳಿಯುವವರೆಗೆ ಹೇಳುತ್ತಲೇ ಇರಬೇಕಾಗಿದೆ.

ಆಗುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ತಮ್ಮ ತಮ್ಮ ಮತದಲ್ಲೇ ಉಳಿದು ಮದುವೆಯಾಗಬಹುದು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಮುಂಚಿನ 30 ದಿನ ವಾಸವಿದ್ದಿರಬೇಕು. ಮದುವೆಯಾಗಲಿದ್ದೇವೆಂದು ವಿವಾಹಾಧಿಕಾರಿಗೆ (ಕರ್ನಾಟಕದಲ್ಲಿ ಉಪನೋಂದಣಾಧಿಕಾರಿಗೆ) ನೋಟಿಸ್ ಕೊಟ್ಟು, ಅದು ಪ್ರಕಟವಾದ ಮೇಲೆ 30 ದಿನ ಕಾಯಬೇಕು. ಯಾರಾದರೂ ಆಕ್ಷೇಪಿಸಿದರೆ ಮುಗಿಯಿತೆಂದು ಹೆದರುವವರು ಗಮನಿಸಬೇಕು: ವಯಸ್ಸು ಸಾಲದಿರುವುದು, ವಿಚ್ಛೇದನವಾಗದ ಮೊದಲ ಸಂಗಾತಿ ಬದುಕಿರುವುದು, ಒಪ್ಪಿಗೆ ಕೊಡಲಾಗದ ಮನಸ್ಥಿತಿ, ಮದುವೆಯಾಗಬಾರದೆಂದು ಕಾಯ್ದೆ ನಿಷೇಧಿಸಿದ ಹತ್ತಿರದ ನಂಟು ಇಂಥ ಕಾರಣಗಳಿಗಷ್ಟೇ ಅಲ್ಲಿ ಬೆಲೆ. ಜಾತಿ, ಮತ, ಹೆತ್ತವರ ಅಸಮ್ಮತಿ ಆ ಪಟ್ಟಿಯಲ್ಲಿಲ್ಲ.

ನಾನು ಸಾಕ್ಷಿ ಹಾಕಿದ ಒಂದು ಮದುವೆಯಲ್ಲಿ ಹುಡುಗಿಯ ಕೊರಳಲ್ಲಿ ಅಜ್ಜಿ ಕೊಟ್ಟ ಶಿಲುಬೆಯಿತ್ತು, ಹುಡುಗನ ಹಣೆಯಲ್ಲಿ ವಿಭೂತಿಯಿತ್ತು. ಅಧಿಕಾರಿಯ ಮೇಜಿನ ಮುಂದೆ, ಮೂವರು ಸಾಕ್ಷಿಗಳ ಎದುರು, ಪರಸ್ಪರರನ್ನು ಸ್ವೀಕರಿಸುವ ಒಂದೊಂದು ವಾಕ್ಯವನ್ನು ಅವರು ಕನ್ನಡದಲ್ಲೇ ಹೇಳಿದರು. ಯಾರೂ ಏನನ್ನೂ ತೆಗೆದಿಡಬೇಕಾಗಲಿಲ್ಲ.

ಮನಸ್ಸು ಒಪ್ಪಿ ಮತ ಬದಲಿಸುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ “ಹೆಸರಿಗೆ ಮಾತ್ರ” ಎನ್ನುವವರು ಬಿಟ್ಟುಬಂದ ದೇವರಿಗೂ ಸೇರಿದ ದೇವರಿಗೂ ಸುಳ್ಳು ಹೇಳುತ್ತಾರೆ. ಆಮೇಲೆ ಪ್ರತಿ ಹಬ್ಬದಲ್ಲೂ ಅತ್ತೆಮಾವಂದಿರ ಮುಂದೆ ಅದೇ ಸುಳ್ಳನ್ನು ಕಾಯಬೇಕಾಗುತ್ತದೆ, ಮತ್ತು ಅದನ್ನು ಕಾಯುವ ಹೊರೆ ಬಹುಮಟ್ಟಿಗೆ ಹೆಣ್ಣಿನ ಮೇಲೆಯೇ ಬೀಳುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಮನೆಯವರಿಗೆ ಯಾವಾಗ ಹೇಳಬೇಕು? ನಿಮ್ಮ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗಿ, ಅಲ್ಲಿಯ ಕಚೇರಿಯಲ್ಲೂ ಅಂಟುತ್ತದೆ. ಜಮೀನಿನ ನೋಂದಣಿಗೆಂದು ಆ ಕಚೇರಿಗೆ ಹೋದ ನೆರೆಯವರು ಅದನ್ನು ಓದಿ ನಿಮ್ಮ ಅಪ್ಪನಿಗೆ ಸುದ್ದಿ ಮುಟ್ಟಿಸುವಂತಾಗಬಾರದು. ನೋಟಿಸ್ ಕೊಡುವ ಮೊದಲೇ ನೀವೇ ಎದುರು ಕೂತು ಹೇಳಿ. ಹೇಳಿದರೆ ಜೀವಕ್ಕೇ ಅಪಾಯವೆನ್ನುವವರ ಮಾತು ಬೇರೆ. ಅಂಥ ಜೋಡಿಗಳಿಗೆ ಪೊಲೀಸರು ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ನಿರ್ದೇಶಿಸಿದೆ. ಅವರು ಮೊದಲು ಹೋಗಬೇಕಾದದ್ದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಬಳಿಗೆ, ಲಿಖಿತ ಅರ್ಜಿಯೊಂದಿಗೆ.