ಲಿವರ್ ರಿಪೋರ್ಟ್ ಸುಧಾರಿಸಿದ ಮೇಲಿನ ರಾತ್ರಿಗಳು

‘ಡಾಕ್ಟ್ರೇ, ಲಿವರ್‌ಗೆ ಒಂದು ಒಳ್ಳೇ ಟಾನಿಕ್ ಬರ್ಕೊಡಿ, ಕುಡಿಯೋದನ್ನ ನಾವು ನೋಡ್ಕೋತೀವಿ.’ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಬಂದವರ ಮನೆಯವರು ಕೇಳುವುದು ಇದನ್ನೇ. ಮದ್ಯ ನಿಲ್ಲಿಸದೆ ಲಿವರ್ ಉಳಿಸುವ ಟಾನಿಕ್ ಯಾವುದೂ ಇಲ್ಲ. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ 30 ಗ್ರಾಂ ದಾಟಿದರೇ ಅಪಾಯ ಏರತೊಡಗುತ್ತದೆ, ಹೆಂಗಸರಲ್ಲಿ ಇನ್ನೂ ಬೇಗ.

ಲಿವರ್ ಕೆಟ್ಟವನ ಬಾಲ್ಯದ ಬಗ್ಗೆ ಕೇಳಿದರೆ ಮನೆಯವರಿಗೆ ಸಿಟ್ಟು ಬರುತ್ತದೆ. ‘ಅವನ ತಮ್ಮನೂ ಅದೇ ಮನೇಲಿ ಬೆಳೆದವನು, ಅವನು ಕುಡಿಯಲ್ವಲ್ಲ?’ ಸರಿಯಾದ ಪ್ರಶ್ನೆಯೇ. ಬಾಲ್ಯದ ಪೆಟ್ಟು ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ಹಣೆಬರಹ ಬರೆಯುವುದಿಲ್ಲ. ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ 17 ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ಕೇಳಿ ತಿಳಿದ ಅಧ್ಯಯನವೊಂದಿದೆ. ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ತಾಯಿಗೆ ಬೀಳುವ ಏಟನ್ನು ನೋಡುವುದು, ಮನೆಯಲ್ಲಿ ಕುಡುಕರಿರುವುದು, ಹೀಗೆ ಹತ್ತು ಬಗೆಯ ಕಹಿ ಅನುಭವಗಳನ್ನು ಅದು ಎಣಿಸಿತು. 2003ರಲ್ಲಿ ಅದರಿಂದಲೇ ಬಂದ ವಿಶ್ಲೇಷಣೆಯ ಪ್ರಕಾರ, ಆರು ಅಥವಾ ಹೆಚ್ಚು ಅನುಭವಗಳಿದ್ದವರಲ್ಲಿ ಯಾವುದಾದರೊಂದು ಲಿವರ್ ಕಾಯಿಲೆಯ ಸಾಧ್ಯತೆ, ಒಂದೂ ಇಲ್ಲದವರಿಗೆ ಹೋಲಿಸಿದರೆ, ಎರಡೂವರೆ ಪಟ್ಟಿನಷ್ಟಿತ್ತು. ಕುಡಿತ ಮತ್ತಿತರ ಅಪಾಯದ ನಡವಳಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ಸಾಕಷ್ಟು ಸಡಿಲವಾಯಿತು. ಅಂದರೆ ಏಳನೇ ವಯಸ್ಸಿನಲ್ಲಿ ಬಿದ್ದ ಬೆಲ್ಟಿನ ಏಟು ನೇರವಾಗಿ ಲಿವರ್‌ಗೆ ಹೋಗುವುದಲ್ಲ. ಅದರ ಒಂದು ದೊಡ್ಡ ದಾರಿ ಬಾಟಲಿಯ ಮೂಲಕ. ರಕ್ತದಲ್ಲೇ ಬಂದಿದೆ ಎನ್ನುವುದೂ ಅರ್ಧ ನಿಜ. ಕುಡುಕ ತಂದೆ ಮಗನಿಗೆ ಕೊಡುವುದು ವಂಶವಾಹಿಯನ್ನಷ್ಟೇ ಅಲ್ಲ, ರಾತ್ರಿ ಬಾಗಿಲು ಬಡಿದ ಸದ್ದಿಗೆ ಎದೆ ನಡುಗುವ ಮನೆಯನ್ನೂ ಕೊಟ್ಟಿರುತ್ತಾನೆ.

ಎಷ್ಟು ಸಲ ಹೇಳಿದರೂ ಮನೆಯವರ ತಲೆಗೆ ಹೋಗದ ಮಾತು ಒಂದೇ: ಇಂಥವರಿಗೆ ಮದ್ಯ ಒಂದು ಕೆಲಸ ಮಾಡಿಕೊಡುತ್ತಿರುತ್ತದೆ. ಬಹಳ ಸಲ ಆ ಕೆಲಸ ನಿದ್ರೆ. ಮದ್ಯ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ರೆಯನ್ನು ಅದುಮುತ್ತದೆ. ಹಳೆಯ ಭಯ ಕನಸಾಗಿ ಬರುವವನಿಗೆ ಅದೇ ದೊಡ್ಡ ಉಪಕಾರ. ಕುಡಿತ ನಿಲ್ಲಿಸಿದ ಕೂಡಲೇ ಅದುಮಿಟ್ಟ ಕನಸುಗಳು ಒಟ್ಟಾಗಿ ನುಗ್ಗುತ್ತವೆ. ಮೊದಲ ಕೆಲವು ವಾರ ದುಃಸ್ವಪ್ನ, ಬೆವರು, ಬೆಚ್ಚಿ ಏಳುವುದು. ಅದೇ ಹೊತ್ತಿಗೆ ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತಪರೀಕ್ಷೆಯ ಅಂಕಿ, ಇಳಿಯುತ್ತಿರುತ್ತದೆ, ಬರೀ ಕೊಬ್ಬು ತುಂಬಿದ ಹಂತವಾದರೆ ನಾಲ್ಕಾರು ವಾರದಲ್ಲಿ ಲಿವರ್ ಚೇತರಿಸಿಕೊಳ್ಳಲೂಬಹುದು. ಮನೆಯವರು ರಿಪೋರ್ಟ್ ನೋಡಿ ನಿರಾಳವಾಗುತ್ತಾರೆ, ಆತ ನಿದ್ರೆಯಿಲ್ಲದೆ ಬೇಯುತ್ತಿರುತ್ತಾನೆ. ಮತ್ತೆ ನೈಂಟಿ ಕೈಗೆ ಬರುವುದು ಇಂಥ ದಿನಗಳಲ್ಲೇ. ಅದನ್ನು ಕೊಬ್ಬು, ಸೊಕ್ಕು ಎಂದು ಬೈದರೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಈ ರಾತ್ರಿಗಳು ಬರುತ್ತವೆಂದು ಡಿಸ್ಚಾರ್ಜ್‌ಗೆ ಮುಂಚೆಯೇ ಆತನಿಗೂ ಮನೆಯವರಿಗೂ ಹೇಳಿರಬೇಕು. ನಿದ್ರೆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಸ್ವಂತಕ್ಕೆ ತರಬೇಡಿ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡಸಾಗುವುದು) ಇದ್ದವರಲ್ಲಿ ಅದು ದೇಹದಲ್ಲಿ ಉಳಿದು ಪ್ರಜ್ಞೆಯನ್ನೇ ಮಸುಕಾಗಿಸಬಹುದು. ದಿನಾ ಕುಡಿಯುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸುವುದೂ ಅಪಾಯ. ಮೊದಲ ದಿನ ಕೈನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ ಕಾಣಿಸಬಹುದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್‌ಗಿಂತ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಬೀಳಬೇಕು.

ಸಾರಿನಲ್ಲಿ ಕದ್ದು ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯಂತೂ ಬೇಡವೇ ಬೇಡ. ಅದರಲ್ಲಿ ಏನಿದೆಯೆಂದು ನಿಮಗೆ ಗೊತ್ತಿಲ್ಲ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಔಷಧಿ ಆಗಿದ್ದರೆ ಅದೇ ಲಿವರ್‌ಗೆ ಪೆಟ್ಟು ಕೊಡಬಲ್ಲದು, ಮೇಲೆ ಕುಡಿದರೆ ಪ್ರಾಣಕ್ಕೇ ಬರಬಹುದು. ಚಿಕ್ಕಂದಿನಲ್ಲಿ ನಂಬಿದವರಿಂದಲೇ ನೊಂದವನಿಗೆ ಊಟದ ತಟ್ಟೆಯಲ್ಲೂ ಮೋಸವಾಯಿತೆಂದು ತಿಳಿದರೆ ಆಮೇಲೆ ಯಾವ ಔಷಧಿಯನ್ನೂ ಆತ ನಂಬುವುದಿಲ್ಲ.

ಹಳೆಯದನ್ನು ಯಾವಾಗ ಕೇಳಬೇಕು? ಕೈ ನಡುಗುತ್ತಿರುವ ವಾರದಲ್ಲಿ ಕೆದಕಬಾರದು. ದೇಹ ಸ್ಥಿಮಿತಕ್ಕೆ ಬಂದ ಮೇಲೆ, ಹೆಂಡತಿ, ಅಣ್ಣ ಎಲ್ಲರನ್ನೂ ಹೊರಗೆ ಕೂರಿಸಿ ಕೇಳಬೇಕು. ಗಂಡಸರು ಲೈಂಗಿಕ ದೌರ್ಜನ್ಯದ ಮಾತನ್ನು ಬೇಗ ಬಾಯಿಬಿಡುವುದಿಲ್ಲ. ‘ಚಿಕ್ಕವನಿದ್ದಾಗ ಮನೆಯಲ್ಲಿ ಯಾರನ್ನು ಕಂಡರೆ ಹೆದರಿಕೆ ಇತ್ತು?’ ಎಂದು ಶುರು ಮಾಡಿದರೆ ಕೆಲವರು ಮಾತಾಡುತ್ತಾರೆ. ಹೇಳದಿದ್ದರೆ ಒತ್ತಾಯ ಬೇಡ, ಮುಂದಿನ ಭೇಟಿಗೆ ಬಂದರೆ ಸಾಕು.

ಮನೆಯವರು ರಾತ್ರಿ ಬೆಚ್ಚಿ ಎದ್ದವನನ್ನು ಹಿಡಿದು ಅಲುಗಾಡಿಸಬಾರದು. ಲೈಟ್ ಹಾಕಿ, ಸ್ವಲ್ಪ ದೂರದಿಂದಲೇ ಹೆಸರು ಹಿಡಿದು ಕರೆಯಿರಿ, ನೀರು ಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಆ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.