‘ಎಷ್ಟು ಕೆ.ಜಿ. ತಡೆಯುತ್ತೆ?’ ಎಂದು ಕೇಳಬೇಡಿ

ಮುರಿದ ಮೂಳೆಗೆ ಕೂರಿಸುವ ಲೋಹದ ಪ್ಲೇಟನ್ನು ನಮ್ಮ ಲ್ಯಾಬಿಗೆ ಪರೀಕ್ಷೆಗೆ ಕಳಿಸುವವರು ಪಾರ್ಸೆಲ್ಲಿನ ಜೊತೆಗೇ ಒಂದು ಪ್ರಶ್ನೆಯನ್ನೂ ಕಳಿಸುತ್ತಾರೆ: ‘ಸಾರ್, ಇದು ಎಷ್ಟು ಕೆ.ಜಿ. ತಡೆಯುತ್ತೆ?’ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಳ್ಳಲು ಅವರಿಗೊಂದು ಅಂಕಿ ಬೇಕು, ಅಷ್ಟೇ.

ಇಂಥ ಪ್ಲೇಟುಗಳ ಪರೀಕ್ಷೆಗಿರುವ ಮಾನದಂಡ ಎಎಸ್‌ಟಿಎಂ ಎಫ್382 ಪ್ರಕಾರ ಪ್ಲೇಟನ್ನು ಬಾಗಿಸುವುದು ನಾಲ್ಕು ರೋಲರ್‌ಗಳ ನಡುವೆ. ಎರಡು ಹೊರಗಡೆ ಆಧಾರವಾಗಿ, ಎರಡು ಒಳಗಡೆ ಒತ್ತಲು. ಒಳಗಿನ ರೋಲರಿನಿಂದ ಹೊರಗಿನದಕ್ಕೆ 40 ಮಿ.ಮೀ. ದೂರವಿದ್ದು ಪ್ಲೇಟು 1000 ನ್ಯೂಟನ್‌ಗೆ (ಸುಮಾರು 100 ಕೆ.ಜಿ. ಭಾರಕ್ಕೆ) ಸೋತಿತು, ಅಂದರೆ ಮತ್ತೆ ನೆಟ್ಟಗಾಗದಂತೆ ಬಾಗಿತು ಅನ್ನಿ. ಪ್ಲೇಟಿನ ಮೇಲೆ ಬೀಳುವ ಬಾಗಿಸುವ ಪ್ರಭಾವ, ಅಂದರೆ ಬೆಂಡಿಂಗ್ ಮೊಮೆಂಟ್, ಒಟ್ಟು ಬಲದ ಅರ್ಧ ಗುಣಿಸು ಆ ದೂರ: 20 ನ್ಯೂಟನ್-ಮೀಟರ್. ಅದೇ ದೂರವನ್ನು 50 ಮಿ.ಮೀ.ಗೆ ಹಿಗ್ಗಿಸಿದರೆ ಅದೇ ಪ್ಲೇಟು 800 ನ್ಯೂಟನ್‌ಗೇ ಸೋಲುತ್ತದೆ. ಪ್ಲೇಟು ಕೆಟ್ಟಿಲ್ಲ, ಮೊಮೆಂಟು ಆಗಲೂ 20. ರೋಲರ್ ಸರಿಸಿದರೆ ಬದಲಾಗುವ ಕೆ.ಜಿ. ಲೆಕ್ಕವನ್ನು ಇಟ್ಟುಕೊಂಡು ಎರಡು ಕಂಪನಿಗಳ ಮಾಲನ್ನು ಹೋಲಿಸುವುದು ಹೇಗೆ? ಮೊಮೆಂಟ್ ಕೇಳಿ, ಬಿಗುವು (ಬಾಗಲು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದು) ಕೇಳಿ. ದಪ್ಪ 3.5ರಿಂದ 4 ಮಿ.ಮೀ. ಆದರೆ ಬಿಗುವು ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಏಕೆಂದರೆ ಅದು ದಪ್ಪದ ಘನಕ್ಕೆ ಅನುಗುಣ.

ಇದೂ ಅರ್ಧ ಮಾತೇ. ರೋಗಿಯ ಕಾಲಿನಲ್ಲಿ ಪ್ಲೇಟು ಒಂದೇ ಏಟಿಗೆ ಮುರಿಯುವುದು ಅಪರೂಪ. ಹೆಜ್ಜೆ ಹೆಜ್ಜೆಗೂ ಇಷ್ಟಿಷ್ಟೇ ಬಾಗಿ, ಸ್ಕ್ರೂ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಅದು ದಿನದಿನಕ್ಕೆ ಬೆಳೆದು ಮುರಿಯುತ್ತದೆ. ಮುರಿದ ಮುಖವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಎಲ್ಲಿಂದ ಶುರುವಾಯಿತೆಂದು ಬಹುಪಾಲು ಕಾಣುತ್ತದೆ. ಅದಕ್ಕೇ ಫೆಟೀಗ್ ಪರೀಕ್ಷೆ, ಅಂದರೆ ಪ್ಲೇಟನ್ನು ಮತ್ತೆ ಮತ್ತೆ ಒತ್ತಿ ಬಿಡುವುದು; ಒಮ್ಮೆ ಒತ್ತಿ ಬಿಟ್ಟರೆ ಒಂದು ಸುತ್ತು. ಸಾಮಾನ್ಯವಾಗಿ 10 ಲಕ್ಷ ಸುತ್ತು. ಸೆಕೆಂಡಿಗೆ 5ರಂತೆ ಓಡಿಸಿದರೂ 55 ಗಂಟೆ ದಾಟುತ್ತದೆ. ಒಂದೇ ಹೊರೆಯಲ್ಲಲ್ಲ, ಹೊರೆ ಇಳಿಸುತ್ತಾ ಹಲವು ಪ್ಲೇಟುಗಳ ಮೇಲೆ. ‘ನಾಳೆ ವರದಿ ಕೊಡಿ’ ಅನ್ನುವವರು ದಯವಿಟ್ಟು ಈ ಗುಣಾಕಾರ ಮಾಡಿ ನೋಡಿ.

ಕಳಿಸುವ ಮಾದರಿಯದೂ ಇದೇ ಕಥೆ. ಕನ್ನಡಿಯಂತೆ ಪಾಲಿಶ್ ಮಾಡಿದ, ಲೇಸರ್ ಗುರುತಿಲ್ಲದ ಪ್ಲೇಟು ಪರೀಕ್ಷೆಗೆ. ತೂತಿನ ಪಕ್ಕದಲ್ಲೇ ಬ್ಯಾಚ್ ನಂಬರ್ ಕೊರೆದದ್ದು ಮಾರುಕಟ್ಟೆಗೆ. ಆ ಗುರುತೇ ಬಿರುಕಿಗೆ ಬಾಗಿಲು ತೆರೆಯಬಹುದು, ಟೈಟಾನಿಯಂನಲ್ಲಂತೂ ಇನ್ನೂ ಸಲೀಸಾಗಿ. ಮಾರುವ ಲಾಟಿನಿಂದಲೇ ಎತ್ತಿ ಕಳಿಸಿ. ಅಡ್ಡಕ್ಕೆ ಕಮಾನಿನಂತಿರುವ ಪ್ಲೇಟು ಚಪ್ಪಟೆ ರೋಲರ್ ಮೇಲೆ ಓಲಾಡಿ, ಸಾವಿರಾರು ಸುತ್ತಿನಲ್ಲಿ ನಿಧಾನಕ್ಕೆ ಪಕ್ಕಕ್ಕೆ ಜರುಗುತ್ತದೆ. ಡ್ರಾಯಿಂಗ್ ಮೊದಲೇ ಸಿಕ್ಕಿದರೆ ಅದಕ್ಕೆ ತಕ್ಕ ರೋಲರ್ ಮಾಡಿಸಬಹುದು.

ಇನ್ನೊಂದು ಎಚ್ಚರಿಕೆ. ಈ ಅಂಕಿಗಳೆಲ್ಲ ಬರೀ ಪ್ಲೇಟಿನವು, ಮೂಳೆಗೆ ಕೂರಿಸಿದ ಜೋಡಣೆಯವಲ್ಲ. ಮೂಳೆಯ ತುದಿಗಳು ಒಂದಕ್ಕೊಂದು ತಾಗಿದ್ದರೆ ಭಾರ ಹಂಚಿಹೋಗುತ್ತದೆ. ನಡುವೆ ಸಂದಿದ್ದು, ಅದರ ಎರಡೂ ಬದಿಗೆ ಒತ್ತಾಗಿಯೇ ಸ್ಕ್ರೂ ಹಾಕಿದ್ದರೆ ಬಾಗುವುದೆಲ್ಲ ಆ ಗಿಡ್ಡ ಭಾಗಕ್ಕೇ, ಅಲ್ಲೊಂದು ಖಾಲಿ ತೂತಿದ್ದರೆ ಅದರ ಅಂಚಿಗೇ ಬೀಳಬಹುದು. ‘ರೋಗಿ ಯಾವಾಗ ಕಾಲೂರಬಹುದು?’ ಎಂಬುದಕ್ಕೆ ನಮ್ಮ ವರದಿಯಲ್ಲಿ ಉತ್ತರ ಹುಡುಕಬೇಡಿ. ಅದನ್ನು ಎಕ್ಸ್‌ರೇ ನೋಡಿದ ಸರ್ಜನ್ನೇ ಹೇಳಬೇಕು.